ಅನೆಗಾಡಾಗೆ ನಾವೇ ದೋಣಿ ನಡೆಸಿಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇವೆ. ಬರುವ ಮಾರ್ಚ್ ಮಧ್ಯದಲ್ಲಿ ಮನೆಯವರು ಆರು ಜನ ಸೇರಿ ಕೆರಿಬಿಯನ್‌ನ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ವಾರ 42 ಅಡಿಯ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಬಾಡಿಗೆಗೆ ತೆಗೆದುಕೊಳ್ಳಬೇಕು ಅಂತಿದ್ದೇವೆ. ಕ್ಯಾಪ್ಟನ್ ಇಲ್ಲದ ಬಾಡಿಗೆ, ನಡೆಸುವವಳು ನಾನೇ. ಹೀಗೆ ಬಾಡಿಗೆ ದೋಣಿ ನಡೆಸಲು ಅಮೆರಿಕದಲ್ಲಿ ಕೊಡುವ ಎಎಸ್‌ಎ 104 ಸರ್ಟಿಫಿಕೇಟ್ ಇದೆ. ಚೆಸಾಪೀಕ್ ಕೊಲ್ಲಿಯಲ್ಲಿ ಕೆಲವು ವರ್ಷಗಳಿಂದ ಹಾಯಿದೋಣಿ ಓಡಿಸುತ್ತಿದ್ದೇನೆ. ಆದರೆ ಹವಳವಿರುವ ನೀರಿನ ಅನುಭವ ಇಲ್ಲ. ಮಲ್ಪೆಯಿಂದ ಭಾವ ಬರುತ್ತಾರೆ. ಅವರು ಮೀನುಗಾರಿಕೆ ಬೋಟಿನಲ್ಲಿ ಬಹಳ ಕಾಲ ತಂಡೇಲರಾಗಿ, ಅಂದರೆ ಬೋಟಿನ ಮುಖ್ಯಸ್ಥರಾಗಿ ಇದ್ದವರು. ಅಮ್ಮನೂ ಬರುತ್ತಾರೆ, 68 ವರ್ಷ, ಸಸ್ಯಾಹಾರಿ. ಎಲ್ಲರಿಗೂ ಅಲ್ಲಿನ ಅನೆಗಾಡಾ ದ್ವೀಪ ನೋಡುವ ಆಸೆ. ಕೆಲವರು ಅಪಾಯ, ಬೇಡ ಅನ್ನುತ್ತಾರೆ. ಇನ್ನು ಕೆಲವರು ಜಿಪಿಎಸ್ ಇದ್ದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಹೋಗಬಹುದು. ನಿಮ್ಮ ಅನುಭವಕ್ಕೆ ಮೀರಿದ ದಾರಿ ಅದಲ್ಲ. ಆದರೆ ಹೊತ್ತು ನೋಡಿಕೊಂಡೇ ಹೋಗಬೇಕಾದ ದಾರಿ. ಸೂರ್ಯ ನೆತ್ತಿಯ ಹತ್ತಿರ ಇರುವಾಗ ನೀವು ಅನೆಗಾಡಾದ ಬಾಗಿಲಲ್ಲಿ ಇರಬೇಕು. ಎಷ್ಟು ಗಂಟೆಗೆ ಹೊರಡುವುದು, ಹಿಂದಿನ ರಾತ್ರಿ ಎಲ್ಲಿ ತಂಗುವುದು, ಯಾವಾಗ ವಾಪಸ್ ತಿರುಗುವುದು ಎಲ್ಲವನ್ನೂ ಆ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಚಾರ್ಟರ್ ದೋಣಿಗಳನ್ನು ನಡೆಸುತ್ತಾ, ಹೊಸಬರಿಗೆ ಕಲಿಸುತ್ತಾ ಈ ದಾರಿಯಲ್ಲಿ ನಾನು ಕಂಡುಕೊಂಡ ಮುಖ್ಯ ವಿಷಯ ಇದೊಂದೇ. ಅಲ್ಲಿ ತೊಂದರೆಗೆ ಸಿಕ್ಕಿಕೊಂಡವರಲ್ಲಿ ಹಾಯಿ ಕಟ್ಟಲು ಬಾರದವರು ಕಡಿಮೆ. ತಡವಾಗಿ ಹೊರಟವರೇ ಜಾಸ್ತಿ.

ಬ್ರಿಟಿಷ್ ವರ್ಜಿನ್ ದ್ವೀಪಗಳ ಉಳಿದ ಜಾಗಗಳಲ್ಲಿ ಈ ಚಿಂತೆ ಅಷ್ಟಾಗಿ ಇಲ್ಲ. ಟಾರ್ಟೋಲಾ, ವರ್ಜಿನ್ ಗೋರ್ಡಾ, ಯೋಸ್ಟ್ ವಾನ್ ಡೈಕ್ ಎಲ್ಲವೂ ಜ್ವಾಲಾಮುಖಿಯಿಂದ ಎದ್ದ ಗುಡ್ಡಗಳು. ವರ್ಜಿನ್ ಗೋರ್ಡಾದ ಶಿಖರ 400 ಮೀಟರಿಗೂ ಎತ್ತರ. ಒಂದು ದ್ವೀಪದಲ್ಲಿ ನಿಂತರೆ ಮುಂದಿನದು ಕಾಣುತ್ತದೆ. ಕಣ್ಣಿಗೆ ಕಂಡಲ್ಲಿಗೆ ಹೋಗುವುದು, ಅಷ್ಟೇ. ಅನೆಗಾಡಾ ಹಾಗಲ್ಲ. ಅದು ಹವಳ ಮತ್ತು ಸುಣ್ಣಕಲ್ಲಿನ ಚಪ್ಪಟೆ ನೆಲ. ಅತಿ ಎತ್ತರದ ಜಾಗವೇ 28 ಅಡಿ. ವರ್ಜಿನ್ ಗೋರ್ಡಾದ ನಾರ್ತ್ ಸೌಂಡ್ ಎಂಬ ಕೊಲ್ಲಿಯಿಂದ ಹೊರಟಾಗ ಮುಂದೆ ಬರೀ ನೀರು ಕಾಣುತ್ತದೆ. ನಾಲ್ಕೈದು ಮೈಲಿ ಹತ್ತಿರ ಬಂದ ಮೇಲೆ ಮೊದಲು ಮರಗಳ ತುದಿ ಕಾಣುತ್ತದೆ, ನೆಲ ಆಮೇಲೆ. ಆ ಹೊತ್ತಿಗೆ ತಪ್ಪು ಕಡೆ ಇದ್ದರೆ ಹವಳವೂ ಹತ್ತಿರವೇ ಇರುತ್ತದೆ.

ಆ ಹವಳದ ಸಾಲಿನ ಹೆಸರು ಹಾರ್ಸ್‌ಶೂ ರೀಫ್. ದ್ವೀಪದಿಂದ ಆಗ್ನೇಯಕ್ಕೆ ಚಾಚಿಕೊಂಡಿದೆ. ಸುಮಾರು 18 ಮೈಲಿ ಉದ್ದ. ಅದರ ಮೇಲೆ ಮುನ್ನೂರಕ್ಕೂ ಹೆಚ್ಚು ಹಡಗುಗಳು ಒಡೆದಿವೆ ಎಂದು ಲೆಕ್ಕವಿದೆ. ಬ್ರಿಟಿಷ್ ನೌಕಾಪಡೆಯ ಆಸ್ಟ್ರೇಯಾ ಎಂಬ ಹಡಗು 1808ರಲ್ಲಿ, ಮೂಳೆ ತುಂಬಿಕೊಂಡು ಹೋಗುತ್ತಿದ್ದ ರೋಕಸ್ ಎಂಬ ಹಡಗು 1929ರಲ್ಲಿ ಅಲ್ಲೇ ಮುಳುಗಿದವು. 1831ರಲ್ಲಿ ರಾಬರ್ಟ್ ಶಾಂಬರ್ಕ್ ಎಂಬಾತ ತನ್ನ ಸ್ವಂತ ಖರ್ಚಿನಲ್ಲಿ ಈ ಕರಾವಳಿಯನ್ನು ಅಳೆದು ನಕ್ಷೆ ಮಾಡಿದ. ಅಟ್ಲಾಂಟಿಕ್ ಕಡೆಯಿಂದ ಬರುವ ಹಡಗುಗಳನ್ನು ನೀರಿನ ಸೆಳೆತ ಸದ್ದಿಲ್ಲದೆ ಹವಳದತ್ತ ತಳ್ಳುತ್ತಿತ್ತು. ರಾತ್ರಿ ಹೊತ್ತು, ತಗ್ಗಿನ ದ್ವೀಪ, ಕಾಣದ ಕಲ್ಲು. ಅವರಿಗೆ ಉಪಾಯವೇ ಇರಲಿಲ್ಲ. ನಿಮಗೆ ಇದೆ. ನೀವು ದಕ್ಷಿಣದಿಂದ ಬರುತ್ತೀರಿ, ಹಗಲಲ್ಲಿ ಬರುತ್ತೀರಿ, ಹವಳದ ಪಶ್ಚಿಮಕ್ಕೆ ತೆರೆದ ನೀರಿದೆ.

ಇನ್ನು ನಿಮ್ಮ ಅನುಭವದ ಮಾತು. ಚೆಸಾಪೀಕ್ ಒಳ್ಳೆಯ ಪಾಠಶಾಲೆ. ಆಳವಿಲ್ಲದ ನೀರಿನಲ್ಲಿ ಎಚ್ಚರವಾಗಿರುವುದನ್ನು ಕಲಿಸುತ್ತದೆ. ಆದರೆ ಅಲ್ಲಿ ತಳ ಕೆಸರು. ದೋಣಿ ತಾಗಿದರೆ ನಿಲ್ಲುತ್ತದೆ, ಹಿಂದಕ್ಕೆ ತೆಗೆದರೆ ಬರುತ್ತದೆ. ನೀರು ಕಂದು ಬಣ್ಣ, ತಳ ಕಾಣುವುದೇ ಇಲ್ಲ. ಹಾಗಾಗಿ ಆಳ ತೋರಿಸುವ ಮೀಟರ್ ನೋಡಿ ಓಡಿಸುವುದು ರೂಢಿಯಾಗಿರುತ್ತದೆ. ಹವಳದಲ್ಲಿ ಈ ರೂಢಿ ಕೈ ಕೊಡುತ್ತದೆ. ಡೆಪ್ತ್ ಮೀಟರ್ ದೋಣಿಯ ಕೆಳಗಿನ ಆಳ ಹೇಳುತ್ತದೆ, ಮುಂದಿನದಲ್ಲ. 20 ಅಡಿ ನೀರಿನಿಂದ ಹವಳದ ಗುಡ್ಡೆಯೊಂದು ನೆಟ್ಟಗೆ ಮೇಲಕ್ಕೆ ಎದ್ದಿರಬಹುದು. ಮೀಟರಿನಲ್ಲಿ 20 ಅಂತ ಇದ್ದದ್ದು 4 ಆಗುವ ಹೊತ್ತಿಗೆ ತಡವಾಗಿರುತ್ತದೆ. ಅಲ್ಲಿ ಕಣ್ಣು ಮೊದಲು, ಮೀಟರ್ ಆಮೇಲೆ.

ಜಿಪಿಎಸ್ ಇದ್ದರೆ ಸಾಕು ಅನ್ನುವವರಿಗೆ ಒಂದು ಘಟನೆ ಹೇಳಿ. 2014ರ ನವೆಂಬರ್‌ನಲ್ಲಿ ಜಗತ್ತು ಸುತ್ತುವ ಹಾಯಿದೋಣಿ ಸ್ಪರ್ಧೆ ವೋಲ್ವೋ ಓಷನ್ ರೇಸ್‌ನ ವೆಸ್ಟಾಸ್ ವಿಂಡ್ ಎಂಬ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಜೋಸ್ ಹವಳದ ಸಾಲಿಗೆ ರಾತ್ರಿ ಹೋಗಿ ಬಡಿಯಿತು. ಅದರಲ್ಲಿದ್ದವರು ಜಗತ್ತಿನ ಪಳಗಿದ ನಾವಿಕರು. ಜಿಪಿಎಸ್ ಕೆಟ್ಟಿರಲಿಲ್ಲ. ಎಲೆಕ್ಟ್ರಾನಿಕ್ ಚಾರ್ಟನ್ನು (ಸಮುದ್ರದ ನಕ್ಷೆ) ಸಾಕಷ್ಟು ದೊಡ್ಡದು ಮಾಡಿ ನೋಡಿರಲಿಲ್ಲ. ದೂರದ ನೋಟದಲ್ಲಿ ಆ ಹವಳ ಚಾರ್ಟಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಪುಣ್ಯಕ್ಕೆ ಎಲ್ಲರೂ ಬದುಕಿದರು. ಅದಕ್ಕೇ ಹಿಂದಿನ ಸಂಜೆಯೇ ಕುಳಿತು ನಿಮ್ಮ ದಾರಿಯ ಉದ್ದಕ್ಕೂ, ಈ ತುದಿಯಿಂದ ಆ ತುದಿಯವರೆಗೆ, ಚಾರ್ಟನ್ನು ಪೂರ್ತಿ ಹಿಗ್ಗಿಸಿ ನೋಡಿ. ಭಾವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.

ದುಡ್ಡು ಕಟ್ಟುವ ಮುಂಚೆ ಒಪ್ಪಂದ ಓದಿ. ಕೆಲವು ಕಂಪನಿಗಳು ಅನೆಗಾಡಾವನ್ನು ಕ್ಯಾಪ್ಟನ್ ಇಲ್ಲದ ಬಾಡಿಗೆಯ ವ್ಯಾಪ್ತಿಯಿಂದಲೇ ಹೊರಗಿಡುತ್ತವೆ. ಕೆಲವು ನಿಮ್ಮ ಅನುಭವ ಕೇಳಿ, ದಾರಿ ವಿವರಿಸಿ, ಆಮೇಲೆ ಒಪ್ಪುತ್ತವೆ. ಬೇಡ ಅಂದ ಕಡೆ ಹೋಗಿ ಏನಾದರೂ ಆದರೆ ವಿಮೆ ನಿಮ್ಮ ಜೊತೆ ನಿಲ್ಲುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಓಡಾಡಬಾರದು ಎಂಬ ನಿಯಮ ಬಹುತೇಕ ಎಲ್ಲ ಒಪ್ಪಂದಗಳಲ್ಲೂ ಇರುತ್ತದೆ. ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಇಮೇಲ್‌ನಲ್ಲಿ ತರಿಸಿಕೊಳ್ಳಿ.

ದೋಣಿ ಕೈಗೆ ಬಂದಾಗ ಕಂಪನಿಯವರು ಒಂದು ಗಂಟೆ ಎಲ್ಲ ವಿವರಿಸುತ್ತಾರೆ. ಫ್ರಿಜ್, ಟಾಯ್ಲೆಟ್ ಪಂಪ್ ಎಲ್ಲ ಅವರೇ ಹೇಳುತ್ತಾರೆ. ನೀವು ಕೇಳಿ ತಿಳಿಯಬೇಕಾದದ್ದು ಬೇರೆ ಇದೆ. ಡೆಪ್ತ್ ಮೀಟರ್ ಅಡಿಯಲ್ಲಿ ತೋರಿಸುತ್ತದಾ, ಮೀಟರಿನಲ್ಲಾ? ನೀರಿನ ಮೇಲ್ಮೈಯಿಂದ ಅಳೆಯುತ್ತದಾ, ದೋಣಿಯ ತಳದಿಂದಾ? ಚಾರ್ಟಿನ ಮೇಲೆ ದೋಣಿಯ ಜಾಗ ತೋರಿಸುವ ಪರದೆ, ಅಂದರೆ ಚಾರ್ಟ್‌ಪ್ಲಾಟರ್ ಕೂಡ ಅದೇ ಅಳತೆಯಲ್ಲಿದೆಯಾ? ಒಂದರಲ್ಲಿ ಅಡಿ, ಇನ್ನೊಂದರಲ್ಲಿ ಮೀಟರ್ ಇದ್ದರೆ ಗಾಬರಿಯ ಹೊತ್ತಲ್ಲಿ ತಲೆ ಕೆಡುತ್ತದೆ. ನಿಮ್ಮ ಅಳತೆಯ ಕ್ಯಾಟಮರಾನ್‌ಗೆ ನಾಲ್ಕು, ನಾಲ್ಕೂವರೆ ಅಡಿ ನೀರು ಬೇಕು. ಅಷ್ಟು ಬೇಕು ಅನ್ನುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಚುಕ್ಕಾಣಿಯ ಪಕ್ಕ ಅಂಟಿಸಿ. ಆರೂವರೆ, ಏಳು ಅಡಿ ಬೇಕಾಗುವ ಒಂಟಿ ಒಡಲಿನ ಹಾಯಿದೋಣಿಗಿಂತ ಈ ವಿಷಯದಲ್ಲಿ ನಿಮ್ಮ ಆಯ್ಕೆ ಒಳ್ಳೆಯದೇ. ಅನೆಗಾಡಾದಲ್ಲಿ ಲಂಗರು ಹಾಕುವ ಜಾಗದ ಆಳ ಹತ್ತು ಅಡಿಯೊಳಗೇ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಹಿಂದಿನ ರಾತ್ರಿ ವರ್ಜಿನ್ ಗೋರ್ಡಾದ ನಾರ್ತ್ ಸೌಂಡ್‌ನಲ್ಲಿ ತಂಗಿ. ಸುತ್ತ ದ್ವೀಪ, ಹವಳ, ಒಳಗೆ ಶಾಂತ ನೀರು. ಲೆವರಿಕ್ ಬೇ ಇರಲಿ, ಪ್ರಿಕ್ಲಿ ಪೇರ್ ಪಕ್ಕ ಇರಲಿ, ಎಲ್ಲಾದರೂ ಸರಿ. ಟಾರ್ಟೋಲಾದಿಂದ ನೇರ ಅನೆಗಾಡಾಗೆ ಒಂದೇ ದಿನದಲ್ಲಿ ಹೋಗುವ ಆಲೋಚನೆ ಬೇಡ. ದೂರ ಅಷ್ಟೇನಿಲ್ಲ ಅನ್ನಿಸಬಹುದು. ಆದರೆ ಮೊದಲರ್ಧ ಗಾಳಿಗೆ ಎದುರಾಗಿ ಅಡ್ಡಾಡಿಕೊಂಡು ಹೋಗಬೇಕು. ಹೊತ್ತು ಎಷ್ಟಾಗುತ್ತದೆ ಅಂತ ಹೇಳಲು ಬರುವುದಿಲ್ಲ.

ನಾರ್ತ್ ಸೌಂಡ್‌ನ ಬಾಯಿಯಿಂದ ಅನೆಗಾಡಾದ ಪಶ್ಚಿಮ ಭಾಗಕ್ಕೆ ಸುಮಾರು 13 ನಾಟಿಕಲ್ ಮೈಲಿ. ಗಂಟೆಗೆ ಆರು, ಆರೂವರೆ ಮೈಲಿ ಹಿಡಿದರೆ ಎರಡು ಗಂಟೆ ಚಿಲ್ಲರೆ. ಬೆಳಿಗ್ಗೆ ಎಂಟೂವರೆಗೆ ಹೊರಟು, ಹೊರಗೆ ಬಂದು ಹಾಯಿ ಏರಿಸುವ ಹೊತ್ತಿಗೆ ಒಂಬತ್ತು ದಾಟುತ್ತದೆ. ಹನ್ನೊಂದೂವರೆಯೊಳಗೆ ನೀವು ಅಲ್ಲಿರುತ್ತೀರಿ. ಮಾರ್ಚ್ ಮಧ್ಯದಲ್ಲಿ ಅಲ್ಲಿ ಸೂರ್ಯ ಅತಿ ಮೇಲಿರುವುದು ಹನ್ನೆರಡೂ ಇಪ್ಪತ್ತೈದರ ಆಸುಪಾಸು, ಸುಮಾರು 70 ಡಿಗ್ರಿ ಎತ್ತರದಲ್ಲಿ, ದಕ್ಷಿಣ ದಿಕ್ಕಿಗೆ. ನೀವು ಹೋಗುವುದು ಉತ್ತರಕ್ಕೆ. ಅಂದರೆ ಬೆಳಕು ನಿಮ್ಮ ಬೆನ್ನಿಗೆ. ತಳ ನೋಡಲು ಇದಕ್ಕಿಂತ ಒಳ್ಳೆಯ ಬೆಳಕು ಸಿಗುವುದಿಲ್ಲ. ಹನ್ನೊಂದರಿಂದ ಎರಡರವರೆಗೆ ಬಾಗಿಲು ತೆರೆದಿರುತ್ತದೆ ಅಂದುಕೊಳ್ಳಿ. ಮೂರೂವರೆ, ನಾಲ್ಕಾದರೆ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬಿದ್ದು ನೀರು ಕನ್ನಡಿಯ ಹಾಗೆ ಹೊಳೆಯುತ್ತದೆ. ಆಗ ತಳ ಕಾಣುವುದಿಲ್ಲ.

ವಾಪಸ್ ತಿರುಗುವ ಹೊತ್ತನ್ನೂ ಮೊದಲೇ ಗೊತ್ತು ಮಾಡಿ, ಎಲ್ಲರಿಗೂ ಹೇಳಿ. ನನ್ನ ಲೆಕ್ಕ ಹೀಗೆ: ಮಧ್ಯಾಹ್ನ ಎರಡಕ್ಕೆ, ಅನೆಗಾಡಾದ ತಂಗುದಾಣಕ್ಕೆ ಒಳಹೋಗುವ ಕಾಲುವೆಯ ಮೊದಲ ಗುರುತು ಕಣ್ಣಿಗೆ ಬಿದ್ದು ಇದೇ ಅಂತ ಖಾತ್ರಿಯಾಗಿರಬೇಕು. ಆಗಿಲ್ಲವಾದರೆ ತಿರುಗಬೇಕು. ನಾಲ್ಕು, ನಾಲ್ಕೂವರೆಗೆ ನಾರ್ತ್ ಸೌಂಡ್ ತಲುಪುತ್ತೀರಿ. ಅದರ ಬಾಯಲ್ಲೂ ಕೊಹೂನ್ ರೀಫ್ ಅಂತ ಹವಳ ಇದೆ, ಅಲ್ಲಿಗೂ ಬೆಳಕು ಬೇಕು. ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ. ಈ ಅಂತರ ಸಾಕು, ಆದರೆ ಉದಾರವಾಗಿಲ್ಲ. ಇನ್ನು ಹತ್ತು ನಿಮಿಷ ನೋಡೋಣ ಅನ್ನುವ ಆಸೆ ಆಗ ಬಂದೇ ಬರುತ್ತದೆ. ಅದಕ್ಕೇ ಹೊತ್ತನ್ನು ಬೆಳಿಗ್ಗೆಯೇ, ತಲೆ ತಣ್ಣಗಿರುವಾಗ ತೀರ್ಮಾನಿಸಬೇಕು.

ಗಾಳಿ ಸಾಮಾನ್ಯವಾಗಿ ಪೂರ್ವದಿಂದ, ಈಶಾನ್ಯದಿಂದ. ಚಳಿಗಾಲದಲ್ಲಿ 15ರಿಂದ 20 ನಾಟ್ ಇರುವುದು ಮಾಮೂಲು. ನೀವು ಉತ್ತರಕ್ಕೆ ಹೋಗುವಾಗ ಗಾಳಿ ಬಲಗಡೆ, ಸ್ವಲ್ಪ ಮುಂದಿನಿಂದ ಬರುತ್ತದೆ. ಕ್ಯಾಟಮರಾನ್ ಚೆನ್ನಾಗಿ ಓಡುವ ಕೋನ ಅದು. 18 ನಾಟ್ ಆಯಿತೆಂದರೆ ದೊಡ್ಡ ಹಾಯಿಯನ್ನು ಒಂದು ಮಟ್ಟ ತಗ್ಗಿಸಿ. ನಿಮ್ಮ ದೋಣಿಗೆ ಎಷ್ಟು ಗಾಳಿಗೆ ಎಷ್ಟು ಹಾಯಿ ಅನ್ನುವ ಪಟ್ಟಿ ಕಂಪನಿ ಕೊಡುತ್ತದೆ, ಅದನ್ನೇ ಹಿಡಿಯಿರಿ. ಒಂಟಿ ಒಡಲಿನ ದೋಣಿ ಗಾಳಿ ಜಾಸ್ತಿಯಾದರೆ ವಾಲಿ ಎಚ್ಚರಿಸುತ್ತದೆ. ಕ್ಯಾಟಮರಾನ್ ವಾಲುವುದಿಲ್ಲ. ಎಲ್ಲ ಭಾರ ಹಗ್ಗ, ಕಂಬಗಳ ಮೇಲೆ ಸುಮ್ನೆ ಏರುತ್ತಾ ಹೋಗುತ್ತದೆ. ಮುನ್ಸೂಚನೆಯಲ್ಲಿ 22 ನಾಟ್‌ಗಿಂತ ಮೇಲೆ ಇದ್ದರೆ, ಇಲ್ಲವೇ ಅಟ್ಲಾಂಟಿಕ್‌ನ ದೂರದ ಬಿರುಗಾಳಿಯಿಂದ ಉತ್ತರದ ದೊಡ್ಡ ಅಲೆಗಳು ಬರುತ್ತಿದ್ದರೆ, ಆ ದಿನ ನಾರ್ತ್ ಸೌಂಡ್‌ನಲ್ಲೇ ಇರಿ. ಅಮ್ಮ ಜೊತೆಗಿದ್ದಾರೆ ಅಂದ ಮೇಲೆ ಇದರಲ್ಲಿ ಚೌಕಾಶಿ ಬೇಡ.

ದಿಕ್ಕಿನ ಬಗ್ಗೆ ಎರಡು ಮಾತು. ಗುರಿ ಇಡಬೇಕಾದದ್ದು ದ್ವೀಪದ ಪಶ್ಚಿಮ ಭಾಗದ ಪೊಮಾಟೊ ಪಾಯಿಂಟ್ ಕಡೆಗೆ. ಸೆಟ್ಟಿಂಗ್ ಪಾಯಿಂಟ್ ಎಂಬ ತಂಗುದಾಣಕ್ಕೆ ನೇರ ಗುರಿ ಇಟ್ಟರೆ ಹವಳದ ಕಡೆ ಹೋಗಿಬಿಡುವ ಸಾಧ್ಯತೆ ಇದೆ. ಪೊಮಾಟೊ ಕಡೆಗೆ ಹೋಗಿ, ಕಾಲುವೆಯ ಗುರುತು ಕಂಡ ಮೇಲೆ ಪೂರ್ವಕ್ಕೆ ತಿರುಗುವುದು ಸುರಕ್ಷಿತ. ದಾರಿ ಹೆಚ್ಚುಕಮ್ಮಿ ನೇರ ಉತ್ತರ. ಆದರೆ ಆ ಭಾಗದಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 14 ಡಿಗ್ರಿ ಪಶ್ಚಿಮಕ್ಕೆ ನಿಲ್ಲುತ್ತದೆ. ಪ್ಲಾಟರ್ ಯಾವ ಉತ್ತರವನ್ನು ತೋರಿಸುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಡಿಗ್ರಿಯ ಸಂಖ್ಯೆಯನ್ನು ನಿಮ್ಮ ಹೊಸ ಚಾರ್ಟಿನಿಂದ ನೀವೇ ತೆಗೆಯಿರಿ. ಹಳೆಯ ಗೈಡ್ ಪುಸ್ತಕದಿಂದ, ಇನ್ನೊಬ್ಬರ ಪ್ರವಾಸ ಕಥನದಿಂದ ಎತ್ತಿಕೊಳ್ಳಬೇಡಿ.

ನೀರಿನ ಸೆಳೆತ ಪಶ್ಚಿಮಕ್ಕೆ, ವಾಯವ್ಯಕ್ಕೆ. ಗಾಳಿಯೂ ಅತ್ತಲೇ ತಳ್ಳುತ್ತದೆ. ಇದನ್ನು ಕಂಡ ಹಾಯಿದೋಣಿಯವರು ರೂಢಿಯಂತೆ ಗಾಳಿಯ ಕಡೆಗೆ, ಅಂದರೆ ಪೂರ್ವಕ್ಕೆ, ಸ್ವಲ್ಪ ಸ್ವಲ್ಪ ಮೇಲೇರಿಸಿಕೊಳ್ಳುತ್ತಾರೆ. ಬೇರೆಡೆ ಇದು ಒಳ್ಳೆಯ ಅಭ್ಯಾಸ. ಇಲ್ಲಿ ಹವಳ ಇರುವುದೇ ಪೂರ್ವಕ್ಕೆ. ನಿಮ್ಮ ಗೆರೆಯ ಪಶ್ಚಿಮಕ್ಕೆ ಕಾಲು ಮೈಲಿ ಸರಿದರೆ ಸ್ವಲ್ಪ ಹೊತ್ತು ಹಾಳು. ಪೂರ್ವಕ್ಕೆ ಸರಿದರೆ ಅಪಾಯ. ಹಾಗಾಗಿ ಗೆರೆಯ ಮೇಲೆ ಅಥವಾ ಅದರ ಎಡಕ್ಕೆ ಇರಿ, ಬಲಕ್ಕೆ ಬೇಡ. ಪ್ಲಾಟರ್ ಇದನ್ನು ತೋರಿಸುತ್ತದೆ. ಜೊತೆಗೆ ಹಿಂದಿರುಗಿ ನೋಡುವ ಹಳೆಯ ಕ್ರಮವನ್ನೂ ಬಿಡಬೇಡಿ. ಮುಂದೆ ಏನೂ ಕಾಣದಿದ್ದರೂ ಹಿಂದೆ ವರ್ಜಿನ್ ಗೋರ್ಡಾದ ಶಿಖರ ಗಂಟೆಗಟ್ಟಲೆ ಕಾಣುತ್ತಿರುತ್ತದೆ. ಹೊರಟಾಗ ಅದು ಯಾವ ದಿಕ್ಕಿನಲ್ಲಿರಬೇಕು ಅಂತ ಚಾರ್ಟಿನಲ್ಲಿ ಅಳೆದಿಟ್ಟುಕೊಂಡು, ಕೈ ದಿಕ್ಸೂಚಿ ಹಿಡಿದು ಆಗಾಗ ನೋಡಿದರೆ ಎಷ್ಟು ಸರಿದಿದ್ದೀರಿ ಅಂತ ಗೊತ್ತಾಗುತ್ತದೆ. ಭಾವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗುಡ್ಡ, ದೀಪಸ್ತಂಭ ನೋಡಿ ಜಾಗ ಹಿಡಿಯುವುದು ನಮ್ಮ ಕರಾವಳಿಯಲ್ಲಿ ಹಿಂದಿನಿಂದ ಬಂದದ್ದೇ ಅಲ್ವಾ.

ಭಾವನ ಬಗ್ಗೆ ಒಂದು ಮುಖ್ಯ ವಿಷಯ. ಇದನ್ನು ದಯವಿಟ್ಟು ಹೊರಡುವ ಮುಂಚೆಯೇ ಅವರ ಜೊತೆ ಮಾತಾಡಿ. ಜಗತ್ತಿನ ಬಂದರುಗಳಲ್ಲಿ ದಾರಿ ತೋರಿಸಲು ತೇಲಿಬಿಟ್ಟ ಕೆಂಪು, ಹಸಿರು ಬೋಯ್‌ಗಳಿಗೆ ಎರಡು ಪದ್ಧತಿ ಇದೆ. ಭಾರತ, ಯುರೋಪ್, ಆಫ್ರಿಕಾದಲ್ಲಿ ಸಮುದ್ರದಿಂದ ಒಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕ ಖಂಡಗಳಲ್ಲಿ, ಕೆರಿಬಿಯನ್‌ನಲ್ಲಿ, ಜಪಾನ್‌ನಲ್ಲಿ ಇದರ ತದ್ವಿರುದ್ಧ: ಒಳಗೆ ಬರುವಾಗ ಕೆಂಪು ಬಲಕ್ಕೆ. ದ್ವೀಪಗಳು ಬ್ರಿಟನ್ನಿನವಾದರೂ ಅಲ್ಲಿ ನಡೆಯುವುದು ಅಮೆರಿಕದ ಪದ್ಧತಿಯೇ. ನೀವು ಚೆಸಾಪೀಕ್‌ನಲ್ಲಿ ಕಲಿತವರು, ನಿಮಗೆ ಕೆಂಪು ಬಲಕ್ಕೆ ಅನ್ನುವುದು ಸಹಜ. ಮಲ್ಪೆಯ ಅಳಿವೆ ಬಾಗಿಲಲ್ಲಿ ವರ್ಷಗಟ್ಟಲೆ ಕೆಂಪನ್ನು ಎಡಕ್ಕೆ ಇಟ್ಟುಕೊಂಡು ಒಳಬಂದವರಿಗೆ ಕೈ ತಾನಾಗಿಯೇ ಇನ್ನೊಂದು ಕಡೆ ತಿರುಗುತ್ತದೆ. ಇದು ತಿಳಿವಳಿಕೆಯ ಕೊರತೆ ಅಲ್ಲ, ಮೈಗೆ ಹತ್ತಿದ ಅಭ್ಯಾಸ. ಅನುಭವ ಹೆಚ್ಚಿದ್ದಷ್ಟೂ ಈ ಅಭ್ಯಾಸ ಗಟ್ಟಿ. ಸೆಟ್ಟಿಂಗ್ ಪಾಯಿಂಟ್‌ನ ಕಾಲುವೆ ಕಿರಿದು. ಅಲ್ಲಿ ಗಾಬರಿಯಲ್ಲಿ ಎಡಕ್ಕೆ, ಎಡಕ್ಕೆ ಅಂತ ಒಬ್ಬರು, ಬಲಕ್ಕೆ ಅಂತ ಇನ್ನೊಬ್ಬರು ಕೂಗಿದರೆ ಆಗುವುದೇನು ಅಂತ ಹೇಳಬೇಕಾಗಿಲ್ಲ. ಚುಕ್ಕಾಣಿಯ ಬಳಿ ಚೀಟಿ ಅಂಟಿಸಿ: ಒಳಗೆ ಹೋಗುವಾಗ ಕೆಂಪು ಬಲಕ್ಕೆ, ಹೊರಗೆ ಬರುವಾಗ ಕೆಂಪು ಎಡಕ್ಕೆ.

ಇನ್ನೊಂದನ್ನೂ ಮೊದಲೇ ತೀರ್ಮಾನಿಸಿ. ಆ ದೋಣಿಯ ಹೊಣೆ ನಿಮ್ಮದು. ಒಪ್ಪಂದದಲ್ಲಿ ಹೆಸರು ನಿಮ್ಮದು. ವಯಸ್ಸಿನಲ್ಲಿ, ಸಂಬಂಧದಲ್ಲಿ ಭಾವ ದೊಡ್ಡವರು, ಸಮುದ್ರದಲ್ಲಿ ನಿಮಗಿಂತ ಜಾಸ್ತಿ ದಿನ ಕಳೆದವರು. ಕಡೆಯ ಮಾತು ಯಾರದು ಅಂತ ಸಂಕೋಚದಿಂದ ಮಾತಾಡದೇ ಬಿಟ್ಟರೆ ಕಾಲುವೆಯ ಮಧ್ಯೆ ಆ ಪ್ರಶ್ನೆ ಎದ್ದು ನಿಲ್ಲುತ್ತದೆ. ಟಾರ್ಟೋಲಾದಲ್ಲೇ ಅವರನ್ನು ಕೂರಿಸಿ, ಭಾವ, ಚುಕ್ಕಾಣಿ ನನ್ನದು, ಕಣ್ಣು ನಿಮ್ಮದು ಅಂತ ಹೇಳಿ. ಒಬ್ಬ ತಂಡೇಲರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಬೋಟಿನಲ್ಲಿ ಎರಡು ಹುಕುಂ ನಡೆಯುವುದಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವರ ಜಾಗ ದೋಣಿಯ ಮುಂತುದಿ. ಪೋಲರೈಸ್ಡ್ ಕನ್ನಡಕ ಬೇಕೇ ಬೇಕು, ನೀರಿನ ಮೇಲಿನ ಹೊಳಪನ್ನು ಅದು ಕತ್ತರಿಸುತ್ತದೆ. ಗಾಳಿ, ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ. ಹಾಗಾಗಿ ಕೈಸನ್ನೆ: ಎಡಗೈ ಚಾಚಿದರೆ ಎಡಕ್ಕೆ, ಬಲಗೈ ಚಾಚಿದರೆ ಬಲಕ್ಕೆ, ಮುಷ್ಟಿ ಎತ್ತಿದರೆ ನಿಲ್ಲು. ಕೈ ತೋರಿಸುವುದು ಹೋಗಬೇಕಾದ ಕಡೆಗೆ, ಕಲ್ಲಿರುವ ಕಡೆಗೆ ಅಲ್ಲ. ಇದನ್ನು ನಾರ್ತ್ ಸೌಂಡ್‌ನಲ್ಲಿ ಒಮ್ಮೆ ಆಡಿ ನೋಡಿ. ಮೂರನೆಯವರೊಬ್ಬರು ನಿಮ್ಮ ಪಕ್ಕ ನಿಂತು ಆಳವನ್ನು ಜೋರಾಗಿ ಓದುತ್ತಿರಲಿ. ಉಳಿದವರು ಕುಳಿತಿರಲಿ, ಫೋಟೊ ಆಮೇಲೆ.

ನೀರಿನ ಬಣ್ಣ ಓದುವುದು ಎರಡು ದಿನದಲ್ಲಿ ಬರುತ್ತದೆ. ಗಾಢ ನೀಲಿ ಅಂದರೆ ಆಳ. ತಿಳಿ ಹಸಿರು ನೀಲಿ ಅಂದರೆ ಮರಳಿನ ಮೇಲೆ ಹತ್ತು, ಹದಿನೈದು ಅಡಿ ನೀರು. ಬೆಳ್ಳಗೆ ಕಂಡರೆ ತೀರ ಕಡಿಮೆ. ಕಂದು, ಹಳದಿ ಮಿಶ್ರಿತ ಮಚ್ಚೆ ಕಂಡರೆ ಹವಳ, ಅದರ ಹತ್ತಿರ ಹೋಗಬೇಡಿ. ಕಡು ಹಸಿರು ಸಾಮಾನ್ಯವಾಗಿ ಸಮುದ್ರದ ಹುಲ್ಲು. ಮೋಡದ ನೆರಳು ಹವಳದ ಹಾಗೆಯೇ ಕಾಣುತ್ತದೆ. ಒಂದು ನಿಮಿಷ ನೋಡಿ, ನೆರಳಾದರೆ ಸರಿಯುತ್ತದೆ. ಮೋಡ ಪೂರ್ತಿ ಕವಿದ ದಿನ ಈ ಬಣ್ಣಗಳೆಲ್ಲ ಒಂದೇ ಬೂದಿಯಾಗುತ್ತವೆ. ಅಂಥ ದಿನವೂ ಹೋಗುವ ದಿನ ಅಲ್ಲ. ಟ್ರಿಪ್‌ನ ಮೊದಲ ಎರಡು ದಿನ ಸುಲಭದ ತಂಗುದಾಣಗಳಿಗೆ ಹೋಗುವಾಗ ಭಾವನನ್ನು ಮುಂದೆ ನಿಲ್ಲಿಸಿ ಅಂದಾಜು ಆಳ ಹೇಳಿಸಿ, ನೀವು ಮೀಟರ್ ನೋಡಿ ತಾಳೆ ಹಾಕಿ. ಅರಬ್ಬಿ ಸಮುದ್ರದ ಮಣ್ಣುಬಣ್ಣದ ನೀರಿಗೆ ಹೊಂದಿದ ಕಣ್ಣಿಗೆ ಈ ತಿಳಿನೀರಿನಲ್ಲಿ ಮೊದಲು ಎಲ್ಲವೂ ಮೇಲೆಯೇ ಇದ್ದಂತೆ ಕಾಣುತ್ತದೆ. ಎರಡು ದಿನದಲ್ಲಿ ಸರಿಹೋಗುತ್ತದೆ.

ಕಾಲುವೆಗೆ ಬರುವ ಮುಂಚೆಯೇ ಹಾಯಿ ಇಳಿಸಿ ಎರಡೂ ಎಂಜಿನ್ ಹಾಕಿ. ನಿಧಾನ ಹೋಗಿ. ಬೋಯ್‌ಗಳನ್ನು ಚಾರ್ಟಿನ ಜೊತೆ ತಾಳೆ ಹಾಕಿ, ಎರಡೂ ಒಪ್ಪಿದರೆ ಮಾತ್ರ ಮುಂದೆ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಈ ದ್ವೀಪಗಳನ್ನು ಹೇಗೆ ಬಡಿಯಿತು ಅಂತ ನೀವು ಓದಿರಬಹುದು. ಅದಕ್ಕಿಂತ ಹಿಂದಿನ ಗೈಡ್‌ಗಳನ್ನು ನಂಬಿ ಹೋಗಬೇಡಿ. ಸಣ್ಣ ಬಿರುಗಾಳಿಗೂ ಬೋಯ್ ಜಾಗ ಬಿಡುತ್ತದೆ, ಕಳಚಿ ಹೋಗುತ್ತದೆ. ಈಗ ಏನಿದೆ ಅನ್ನುವುದನ್ನು ಕಂಪನಿಯ ಬೇಸ್‌ನಲ್ಲೇ ಕೇಳಿ ಚಾರ್ಟಿನಲ್ಲಿ ಗುರುತು ಹಾಕಿಕೊಳ್ಳಿ. ಅನುಮಾನ ಬಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಆಳ ನೀರಿನಲ್ಲಿ ನಿಂತು ಯೋಚಿಸಿ. ಮುಂದೆ ಹೋಗುತ್ತಿರುವ ದೋಣಿಯ ಬೆನ್ನು ಹಿಡಿಯಬೇಡಿ. ಅದರ ತಳ ಎಷ್ಟು ಅಡಿ, ಅದಕ್ಕೆ ದಾರಿ ಗೊತ್ತಿದೆಯೋ ಇಲ್ಲವೋ ನಿಮಗೆ ತಿಳಿಯದು.

ಒಳಗೆ ಬಂದ ಮೇಲೆ ಎರಡು ದಾರಿ. ದೋಣಿ ಕಟ್ಟುವ ಮೂರಿಂಗ್ ಚೆಂಡುಗಳಿವೆ, ಅದರಲ್ಲಿ ಕೆಲವನ್ನು ಆ್ಯಪ್‌ನಲ್ಲಿ ಬೆಳಿಗ್ಗೆಯೇ ಕಾದಿರಿಸಬಹುದು. ಕ್ಯಾಟಮರಾನ್‌ನಲ್ಲಿ ಎರಡೂ ಮೂತಿಗಳಿಂದ ಒಂದೊಂದು ಹಗ್ಗ ತಂದು, ಚೆಂಡಿನ ಕುಣಿಕೆಯಲ್ಲಿ ತೂರಿಸಿ, ಅದೇ ಕಡೆಗೆ ವಾಪಸ್ ಕಟ್ಟಿ. ಒಂದೇ ಹಗ್ಗವನ್ನು ಈ ಕಡೆಯಿಂದ ಆ ಕಡೆಗೆ ಎಳೆದು ಕಟ್ಟಿದರೆ ರಾತ್ರಿಯೆಲ್ಲ ಉಜ್ಜಿ ಸವೆಯುತ್ತದೆ. ಲಂಗರು ಹಾಕುವುದಾದರೆ ಮರಳಿನ ಮೇಲೆ ಹಾಕಿ. ಹುಲ್ಲಿನ ಮೇಲೆ ಅದು ಕಚ್ಚುವುದಿಲ್ಲ, ಹುಲ್ಲೂ ಹಾಳು. ನೀರು 9 ಅಡಿ, ದೋಣಿಯ ಮೂತಿ ನೀರಿನಿಂದ 5 ಅಡಿ ಮೇಲೆ ಅಂದುಕೊಂಡರೆ ಒಟ್ಟು 14. ಅದರ ಐದು ಪಟ್ಟು, 70 ಅಡಿ ಸರಪಳಿ ಬಿಡಿ. ಗಾಳಿ ಜೋರಿದ್ದು ಸುತ್ತ ಜಾಗವಿದ್ದರೆ ಏಳು ಪಟ್ಟು. ಎಂಜಿನ್ ಹಿಂದಕ್ಕೆ ಹಾಕಿ ಎಳೆದು ಪರೀಕ್ಷಿಸಿ, ಆಮೇಲೆ ಯಾರಾದರೂ ನೀರಿಗಿಳಿದು ಕಣ್ಣಾರೆ ನೋಡಲಿ. ಮೂರಿಂಗ್‌ಗೆ ಕಟ್ಟಿದ ದೋಣಿಗಳು ಕಡಿಮೆ ತಿರುಗುತ್ತವೆ, ನೀವು ಜಾಸ್ತಿ ತಿರುಗುತ್ತೀರಿ. ಅಂತರ ಇಡಿ. ಹಾರ್ಸ್‌ಶೂ ರೀಫ್ ಮೇಲೆ ಲಂಗರು ಹಾಕುವುದಕ್ಕೆ ನಿಷೇಧವಿದೆ. ಲಂಗರು ಒಡೆದ ಹವಳ ನಮ್ಮ ಜೀವಮಾನದಲ್ಲಿ ಮತ್ತೆ ಬೆಳೆಯುವುದಿಲ್ಲ. ಈ ನಿಯಮವನ್ನು ಯಾರೂ ನೋಡದಿದ್ದರೂ ಪಾಲಿಸಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ.

ಎರಡು ರಾತ್ರಿ ಇರಿ. ಒಂದೇ ರಾತ್ರಿಗೆ ಹೋಗುವವರು ಮಧ್ಯಾಹ್ನ ಬಂದು, ಸಂಜೆ ಸುಟ್ಟ ಲಾಬ್‌ಸ್ಟರ್ ತಿಂದು, ಬೆಳಿಗ್ಗೆ ಹೊರಡುತ್ತಾರೆ. ದ್ವೀಪ ನೋಡಿದ ಹಾಗೇ ಆಗುವುದಿಲ್ಲ. ಎರಡು ರಾತ್ರಿ ಇಟ್ಟುಕೊಂಡರೆ ಹವಾಮಾನ ಕೈಕೊಟ್ಟಾಗ ಒಂದು ದಿನ ತಡವಾಗಿ ಹೋದರೂ ನಡೆಯುತ್ತದೆ. ಇವತ್ತೇ ಹೋಗಲೇಬೇಕು ಅನ್ನುವ ಒತ್ತಡ ಇರುವುದಿಲ್ಲ, ಆ ಒತ್ತಡವೇ ಜನರನ್ನು ತಪ್ಪು ಹೊತ್ತಿನಲ್ಲಿ ಹೊರಡಿಸುವುದು. ಉತ್ತರ ತೀರದ ಲಾಬ್ಲಾಲಿ ಬೇ, ಕೌ ರೆಕ್ ಬೀಚ್‌ಗೆ ಟ್ಯಾಕ್ಸಿಯಲ್ಲಿ ಹೋಗಿ. ಉಪ್ಪುನೀರಿನ ಕೆರೆಗಳಲ್ಲಿ ಫ್ಲೆಮಿಂಗೋಗಳಿವೆ. ಒಮ್ಮೆ ಇಲ್ಲಿಂದ ಪೂರ್ತಿ ಮಾಯವಾಗಿದ್ದ ಹಕ್ಕಿ ಅದು. 1992ರಲ್ಲಿ ಮತ್ತೆ ತಂದು ಬಿಟ್ಟರು, ಈಗ ಅಲ್ಲೇ ಮರಿ ಮಾಡುತ್ತವೆ. ದ್ವೀಪದ ಏಕೈಕ ಹಳ್ಳಿಯ ಹೆಸರು ದಿ ಸೆಟಲ್‌ಮೆಂಟ್. ಈ ದ್ವೀಪದ್ದೇ ಆದ, ಅಳಿವಿನಂಚಿನಲ್ಲಿರುವ ಇಗುವಾನಾ ಮರಿಗಳನ್ನು ಅಲ್ಲಿ ಸಾಕಿ, ಬೆಕ್ಕುಗಳಿಗೆ ಸಿಗದಷ್ಟು ದೊಡ್ಡವಾದ ಮೇಲೆ ಬಿಡುತ್ತಾರೆ. ಖಂಡಿತ ನೋಡಿ.

ಅಮ್ಮನಿಗೆ ಆ ಎರಡು ಗಂಟೆ ಕಷ್ಟವಾಗಬಹುದು. ಗಾಳಿ, ಅಲೆ ಎರಡೂ ಓರೆಯಾಗಿ ಬರುವುದರಿಂದ ಕ್ಯಾಟಮರಾನ್ ಗಕ್ಕನೆ ಅಲುಗಾಡುತ್ತದೆ. ವಾಂತಿಯ ಮಾತ್ರೆಯನ್ನು ಹೊರಟ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಅವರ ಬೇರೆ ಔಷಧಿಗಳ ಜೊತೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ, ಮುಂಚಿತವಾಗಿ ಕೊಡಿ. ಕೆಳಗಿನ ಕ್ಯಾಬಿನ್‌ಗೆ ಹೋಗಿ ಮಲಗಲು ಬಿಡಬೇಡಿ, ಹಿಂಭಾಗದಲ್ಲಿ ಗಾಳಿಗೆ ಕೂತು ದೂರದ ಗೆರೆ ನೋಡುತ್ತಿರಲಿ. ಅವರಿಗೆ ಆಗುವುದೇ ಇಲ್ಲ ಅನ್ನಿಸಿದರೆ ಟಾರ್ಟೋಲಾದ ರೋಡ್ ಟೌನ್‌ನಿಂದ ವಾರದ ಕೆಲವು ದಿನ ಅನೆಗಾಡಾಗೆ ಫೆರಿ ಇದೆ. ಇನ್ನೊಬ್ಬರ ಜೊತೆ ಅದರಲ್ಲಿ ಬಂದು ನಿಮ್ಮನ್ನು ಸೇರಿಕೊಳ್ಳಬಹುದು. ಊಟದ ವಿಷಯ: ಅಲ್ಲಿನ ಹೋಟೆಲುಗಳು ಮಧ್ಯಾಹ್ನವೇ ರಾತ್ರಿಯ ಆರ್ಡರ್ ಕೇಳುತ್ತವೆ, ಸಸ್ಯಾಹಾರ ಬೇಕೆಂದು ಆಗಲೇ ಹೇಳಿ. ಅಕ್ಕಿ, ಬೇಳೆ, ರವೆ, ತರಕಾರಿಯನ್ನು ಟಾರ್ಟೋಲಾದಲ್ಲೇ ತುಂಬಿಕೊಳ್ಳಿ. ಕುಡಿಯುವ ನೀರನ್ನೂ, ದೋಣಿಯ ನೀರಿನ ಟ್ಯಾಂಕನ್ನೂ ನಾರ್ತ್ ಸೌಂಡ್ ಬಿಡುವ ಮುಂಚೆ ಪೂರ್ತಿ ಮಾಡಿ.

ವಿಎಚ್‌ಎಫ್ ರೇಡಿಯೊ 16ನೇ ಚಾನೆಲ್‌ನಲ್ಲಿ ಯಾವಾಗಲೂ ತೆರೆದಿರಲಿ. ಅಲ್ಲಿ ವೈಸಾರ್ ಎಂಬ ಸ್ವಯಂಸೇವಕರ ಸಮುದ್ರ ರಕ್ಷಣಾ ಪಡೆ ಇದೆ. ಸಹಾಯ ಬೇಕಾದರೆ ಹೇಗೆ ಕರೆಯುವುದು ಅಂತ ನಿಮ್ಮ ಜೊತೆ ಇನ್ನೂ ಇಬ್ಬರಿಗೆ ಕಲಿಸಿಕೊಡಿ.

ವಾಪಸ್ ಬರುವ ದಿನ ಬೆಳಕಿನ ಲೆಕ್ಕ ತಿರುಗುಮುರುಗಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ದಕ್ಷಿಣಕ್ಕೆ ಹೊರಟರೆ ಸೂರ್ಯ ಎಡಮುಂದೆ, ತಗ್ಗಿನಲ್ಲಿ. ಕಾಲುವೆಯ ತಳ ಹೋಗುವಾಗ ಕಂಡಷ್ಟು ಕಾಣುವುದಿಲ್ಲ. ಅದಕ್ಕೇ ಹೋಗುವಾಗಲೇ ಪ್ಲಾಟರ್‌ನಲ್ಲಿ ನಿಮ್ಮ ಜಾಡನ್ನು ದಾಖಲಿಸುವ ಗುಂಡಿ ಒತ್ತಿರಿ. ನಿಮ್ಮದೇ ದೋಣಿ ತಾಗದೆ ದಾಟಿದ ಆ ಗೆರೆಯ ಮೇಲೆಯೇ, ಒಂಬತ್ತೂವರೆ ಹತ್ತರ ಹೊತ್ತಿಗೆ ಬಿಸಿಲು ಏರಿದ ಮೇಲೆ ಹೊರಬನ್ನಿ. ಈ ಸಲ ಕೆಂಪು ಎಡಕ್ಕೆ. ತೆರೆದ ನೀರಿಗೆ ಬಂದ ಮೇಲೆ ಕೆಲಸ ಸಲೀಸು: ಗಾಳಿ ಪಕ್ಕದಿಂದ, ವರ್ಜಿನ್ ಗೋರ್ಡಾದ ಗುಡ್ಡ ಮುಂದೆ ದೊಡ್ಡದಾಗಿ ಕಾಣುತ್ತಿರುತ್ತದೆ, ಚುಕ್ಕಾಣಿಯನ್ನು ಭಾವನ ಕೈಗೆ ಧೈರ್ಯವಾಗಿ ಕೊಡಬಹುದು.

ಇಷ್ಟೆಲ್ಲ ಓದಿದ ಮೇಲೂ ಮನಸ್ಸು ಅಳುಕಿದರೆ ಆ ಎರಡು ದಿನಕ್ಕೆ ಮಾತ್ರ ಸ್ಥಳೀಯ ಕ್ಯಾಪ್ಟನ್ ಒಬ್ಬರನ್ನು ದಿನದ ಲೆಕ್ಕದಲ್ಲಿ ಕರೆದುಕೊಳ್ಳಿ. ಕಂಪನಿಯವರೇ ಗೊತ್ತು ಮಾಡಿಕೊಡುತ್ತಾರೆ, ಆದರೆ ಮಾರ್ಚ್ ಅಲ್ಲಿನ ಸೀಸನ್ ಆದ್ದರಿಂದ ದೋಣಿ ಬುಕ್ ಮಾಡುವಾಗಲೇ ಕೇಳಬೇಕು. ಹೋಗುವಾಗ ಅವರು ನಡೆಸಲಿ, ಬರುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ನಡೆಸಿ.